ಬೆಂಕಿಯ ಮಾತು ಒಪ್ಪಿದ ಕೇಳುಗ

ಹಳೆಯದನ್ನೆಲ್ಲ ಸುಟ್ಟರೆ ಮಾತ್ರ ಹೊಸದು ಹುಟ್ಟುತ್ತದೆಂದು ನಂಬಿದ್ದರು ರಷ್ಯದ ಹಳೆಯ ಕಾದಂಬರಿಗಳ ತರುಣರು. ಅದೇ ಮಾತು ಇಂದು ಅಮೆರಿಕದ ಎಡ-ಬಲ ಎರಡೂ ಬಣಗಳ ಸಭೆಗಳಲ್ಲಿ ಕೇಳಿಸುತ್ತಿದೆಯೆಂದು ಮೊಳಕಾಲ್ಮುರಿನ ಕಾಲೇಜೊಂದರಲ್ಲಿ ಉಪನ್ಯಾಸ ಕೊಟ್ಟು, ಚಳ್ಳಕೆರೆಯ ಬಸ್ಸು ಹತ್ತಿದ್ದೆ.

ತಂಗಿಯನ್ನು ಕಾಲೇಜಿಗೆ ಬಿಡಲು ಬಂದು ಭಾಷಣ ಕೇಳಿದ್ದ ಕುರಿಗಾಹಿಯೊಬ್ಬ ಪಕ್ಕದಲ್ಲಿ ಕುಳಿತ.

“ನಿಮ್ಮ ಮಾತು ದಿಟ ಐತೆ ಸಾರ್. ಚಿಗುರು ಬರ್ಲಿ ಅಂತ ನಾವೂ ಮಳೆಗೆ ಮುಂಚೆ ಒಣಹುಲ್ಲು ಸುಡ್ತಿದ್ವಿ. ಈಗ ನಮ್ಮ ಕುರಿ ಮೇಯೋ ಕಾವಲಿಗೆ ಸರ್ಕಾರದೋರು ಬೇಲಿ ಹಾಕವ್ರೆ. ಇವತ್ತು ಗಾಳಿ ಜೋರೈತೆ.”

ಅವನ ಅಂಗೈಯಲ್ಲಿ ಬೆಂಕಿಪೊಟ್ಟಣ ತಿರುಗುತ್ತಿತ್ತು.

“ಬೇಡಪ್ಪ! ಬೇಲಿಯೊಳಗೆ ಕೆಲಸ ಮಾಡುವ ಜನರಿದ್ದಾರೆ. ನಿಮ್ಮ ಹಟ್ಟಿಯೂ ಹತ್ತಿರವೇ ಇರಬೇಕು. ಆ ಕಾದಂಬರಿಗಳಲ್ಲೂ ಕೊನೆಗೆ ಬೆಂದದ್ದು ಬಡವರ ಕೇರಿಯೇ.”

“ಅದನ್ನ ಭಾಷಣದಾಗೆ ಹೇಳ್ಲೇ ಇಲ್ವಲ್ರೀ?”

“ಸಮಯ ಸಾಲಲಿಲ್ಲ.”

“ಹೋಗ್ಲಿ ಬಿಡ್ರಿ, ಚಪ್ಪಾಳೆ ಚೆನ್ನಾಗೇ ಬಿತ್ತು,” ಎಂದು ನಕ್ಕು, ಬೇಲಿ ಹಾಕಿದ್ದ ವರವು ಕಾವಲ್ ಹುಲ್ಲುಗಾವಲಿನ ಹತ್ತಿರ ಇಳಿದುಹೋದ.

ಕಂಡಕ್ಟರಿಗೆ ಹೇಳೋಣವೆಂದು ಬಾಯಿ ತೆರೆದೆ, ಏನೆಂದು ಹೇಳುವುದು? ನನ್ನ ವಾದವನ್ನು ಒಬ್ಬರು ಒಪ್ಪಿಕೊಂಡರು ಎಂದೇ? ಚಳ್ಳಕೆರೆ ಬರುವವರೆಗೂ ಹಿಂದಿನ ಕಿಟಕಿಯತ್ತ ನಾನು ತಿರುಗಲಿಲ್ಲ. ಎರಡು ಖಂಡಗಳ ಕ್ರಾಂತಿಯನ್ನು ವಿವರಿಸಬಲ್ಲವನಿಗೆ ಒಂದಿಷ್ಟು ಹೊಗೆಯನ್ನು ನೋಡುವ ಧೈರ್ಯವಿರಲಿಲ್ಲ.