ಸಿ.ಬಿ. ಬೇಡವೆಂದ ಮಸ್ತಾನ್ ಸಾಬರು

ಮೊನ್ನೆ ಚಿಂತಾಮಣಿಯಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಹಕ್ಕಿ ಅಂಗಡಿಯಿಂದ ನವಣೆ ಹೊಟ್ಟಿನ ವಾಸನೆ ಬಂತು, ಒಳಗೆ ಹೋದೆ. ನಿಮಗೆ ಅದರಲ್ಲೇನೂ ವಿಶೇಷ ಕಾಣಲಿಕ್ಕಿಲ್ಲ. ನನಗೆ ಮಾತ್ರ ಎಂಬತ್ತರ ದಶಕದ ಶಿಡ್ಲಘಟ್ಟವೂ, ಅಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನನ್ನ ಮಾನ ಹೋದದ್ದೂ ಒಟ್ಟಿಗೇ ನೆನಪಾದವು.

ಆಗ ನಮ್ಮ ಪಕ್ಕದ ಮನೆ ಮಸ್ತಾನ್ ಸಾಬರದು. ರೇಷ್ಮೆ ನೂಲು ತೆಗೆಸುವ ಕಸುಬು. ಅವರ ಹೆಂಡತಿಯನ್ನು ಬೀದಿಯೆಲ್ಲ ಆಪಾ ಎನ್ನುತ್ತಿತ್ತು. ಆಪಾ ಸಾಕಿದ್ದ ಆಫ್ರಿಕಾದ ಪುಟ್ಟ ಹಕ್ಕಿಗಳ ಜೋಡಿಯಲ್ಲಿ ಹೆಣ್ಣು ಸತ್ತುಹೋಯಿತು. ನೀಲಿ ಎದೆಯ, ಕೆಂಪು ಕೆನ್ನೆಯ ಗಂಡು ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿಯಿತು, ಕಾಳು ಮುಟ್ಟಲಿಲ್ಲ. ಅದು ತಿನ್ನದೆ ಆಪಾಗೂ ಅನ್ನ ಸೇರದು. ಹೀಗೇ ಬಿಟ್ಟರೆ ಹಕ್ಕಿ ಉಳಿಯುವುದಿಲ್ಲ, ಬೇಗ ಒಂದು ಹೆಣ್ಣು ತರಬೇಕು. ತರಿಸಲು ಹೆಸರು ಬೇಕಲ್ಲ? ಇಂಗ್ಲಿಷ್ ಎಂದ ಮೇಲೆ ನನ್ನನ್ನೇ ಕೇಳಿದರು.

ಹಕ್ಕಿಗಳ ಚಿತ್ರದ ಪುಸ್ತಕವೊಂದನ್ನು ತಿರುವಿದೆ. ಸತ್ತ ಹೆಣ್ಣಿನಂತೆಯೇ ಕೆನ್ನೆ ಕೆಂಪಿಲ್ಲದ ನೀಲಿ ಹಕ್ಕಿ ಕಂಡಿತು. ‘ಬ್ಲೂ ವ್ಯಾಕ್ಸ್‌ಬಿಲ್’ ಎಂದು ತೀರ್ಪು ಕೊಟ್ಟೆ. ಸಾಬರು ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದರು. ಕೆಂಪು ಕೆನ್ನೆಯದಕ್ಕಾದರೆ ಸಿ.ಬಿ. ಹೆಣ್ಣು ತಗೊಳ್ಳಿ ಎಂದನಂತೆ ಅಂಗಡಿಯವನು. ಶಿಡ್ಲಘಟ್ಟದಲ್ಲಿ ಸಿ.ಬಿ. ಎಂದರೆ ಒಂದೇ ಅರ್ಥ: ಎರಡು ತಳಿ ಕೂಡಿಸಿದ ಕ್ರಾಸ್ ಬ್ರೀಡ್ ರೇಷ್ಮೆಗೂಡು. ಸಾಬರ ಆಯುಷ್ಯವೇ ಅದನ್ನು ಬೇಯಿಸುವುದರಲ್ಲಿ ಕಳೆದಿತ್ತು.

“ಸಿ.ಬಿ. ನಮ್ಮೂರಲ್ಲೇ ಬೇಕಾದಷ್ಟೈತೆ ಕಣಪ್ಪ. ಅಸಲಿ ಕೊಡು, ಮೇಷ್ಟ್ರು ಹೇಳಿದ್ದು.”

ಬಂದ ಹಕ್ಕಿಗೆ ಆಪಾ ದುಲ್ಹನ್, ಅಂದರೆ ಮದುವಣಗಿತ್ತಿ, ಎಂದು ಹೆಸರಿಟ್ಟರು. ಸಂಜೆಯೊಳಗೆ ಎರಡೂ ಒಂದೇ ಕಡ್ಡಿಯ ಮೇಲೆ ಮೈಗೆ ಮೈ ತಾಗಿಸಿ ಕೂತವು. ಗಂಡು ಕಾಳು ಕುಕ್ಕಿತು, ಆಪಾ ಉಂಡರು, ನಾನು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಮೊಟ್ಟೆ ಮಾತ್ರ ಬರಲಿಲ್ಲ.

ಕೆಲವು ತಿಂಗಳ ಮೇಲೆ ಆ ಅಂಗಡಿಯವನೇ ಊರಿಗೆ ಬಂದವನು ಜೋಡಿಯನ್ನು ನೋಡಿ ನಕ್ಕುಬಿಟ್ಟ. ಅವನ ಸಿ.ಬಿ. ಎಂದರೆ ಕಾರ್ಡನ್ ಬ್ಲೂ. ಕೆಂಪು ಕೆನ್ನೆಯದರ ಹೆಸರೇ ಅದು. ಬ್ಲೂ ವ್ಯಾಕ್ಸ್‌ಬಿಲ್ ಅದರ ದಾಯಾದಿ, ಅದರಲ್ಲಿ ಗಂಡಿಗೂ ಕೆನ್ನೆ ಕೆಂಪಿರುವುದಿಲ್ಲ. ನೀವು ಆ ಹೆಸರನ್ನೇ ಹಿಡಿದಿರಿ, ಆ ಜಾತಿಯಲ್ಲಿ ಆಗ ನನ್ನಲ್ಲಿದ್ದದ್ದು ಇದೊಂದೇ, ನಿಮ್ಮ ದುಲ್ಹನ್ ಗಂಡು ಎಂದ. ಸಾಬರು ನನ್ನನ್ನು ನೋಡಿದರು, ನಾನು ಸೂರು ನೋಡಿದೆ. ಬದಲಾಯಿಸಿ ಕೊಡುತ್ತೇನೆಂದು ಅವನು ಪಂಜರಕ್ಕೆ ಕೈಹಾಕಿದಾಗ ಆಪಾ ಪಂಜರವನ್ನೇ ತಮ್ಮತ್ತ ಎಳೆದುಕೊಂಡರು.

“ಬಿಡಪ್ಪ. ಇವ್ನು ಬಂದ್ಮೇಲೇ ಅವ್ನು ಊಟ ಮಾಡಿದ್ದು. ಹೆಂಡ್ತಿ ಅಲ್ದಿದ್ರೆ ಏನಾಯ್ತು, ದೋಸ್ತು.”

ಮೊನ್ನೆ ಚಿಂತಾಮಣಿಯ ಅಂಗಡಿಯಾತ ಗಂಡು-ಹೆಣ್ಣು ಜೋಡಿ ಗ್ಯಾರಂಟಿ ಎಂದು ಹೇಳುತ್ತಲೇ ಇದ್ದ. ಹೆಂಡತಿ ಹೋದ ಮೇಲೆ ನನಗೂ ಒಬ್ಬನೇ ಕೂತರೆ ಅನ್ನ ಸೇರುತ್ತಿಲ್ಲ. ಹಕ್ಕಿ ಕೊಳ್ಳದೆ ಹೊರಬಂದು, ಬೆಂಗಳೂರಿನ ಬಸ್ಸು ಬಿಟ್ಟು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಈಗಲೂ ಅದೇ ಮನೆಯಲ್ಲಿರುವ ಮಸ್ತಾನ್ ಸಾಬರು ಊಟಕ್ಕೆ ಕೂರುವ ಹೊತ್ತಾಗಿತ್ತು.