ಮಾಸ್ತರರ ಕೋಟು

ಭಾನುವಾರ ಸಂಜೆ ಟಿ.ವಿ.ಯಲ್ಲಿ ಹಳೆಯ ಸಿನಿಮಾ ಹತ್ತಿತ್ತು. ಅಡಿಗೆಯವನು ಧಣಿಯ ಕೋಟು ತೊಟ್ಟು ಹೆಣ್ಣು ನೋಡಲು ಹೋಗುವ ಕಥೆ. ಮನೆಮಂದಿಯೆಲ್ಲ ನಗುತ್ತಿದ್ದರೆ ನಾನು ಮಾತ್ರ ಕಾಲಬೆರಳು ನೋಡುತ್ತ ಕುಳಿತಿದ್ದೆ. ನಿಮಗೆ ಹೇಳಲು ಸಂಕೋಚವೇನು, ಗುಟ್ಟು ಒಡೆಯುವ ಹೊತ್ತು ಬಂತೆಂದರೆ ಇಂದಿಗೂ ನನ್ನ ಕಣ್ಣು ಪರದೆಯ ಮೇಲೆ ನಿಲ್ಲುವುದಿಲ್ಲ.

ಐವತ್ತರ ದಶಕದ ಮಾತು. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು, ನೇಕಾರ ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಗೆ ಇಳಿದವನು ನಾನು. ನನ್ನಷ್ಟು ನೆಟ್ಟಗೆ ಅಂಚು ಕೂಡಿಸುವವರು ಓಣಿಯಲ್ಲಿರಲಿಲ್ಲ. ಈಗ ಇದನ್ನು ನಾನೇ ಹೇಳಬೇಕು, ಹೇಳುವವರೆಲ್ಲ ತೀರಿಕೊಂಡಿದ್ದಾರೆ. ಓಣಿಗೆಲ್ಲ ಕರಿಕೋಟು ಇದ್ದದ್ದು ಸಾಲಿ ಮಾಸ್ತರರದೊಂದೇ. ಯಾವ ಹುಡುಗ ಹೆಣ್ಣು ನೋಡಲು ಹೊರಟರೂ ಅದನ್ನೇ ಕೇಳಿ ತರುವುದು ರೂಢಿ. ನಾನೂ ತೊಟ್ಟು ಅಪ್ಪನ ತಮ್ಮ ಕಾಕಾನ ಜೊತೆ ನರಗುಂದಕ್ಕೆ ಹೋದೆ. ಜೇಬಿನಲ್ಲಿ ಮಾಸ್ತರರ ಪೆನ್ನು ಉಳಿದಿತ್ತು. ಅದನ್ನು ಕಂಡ ಹುಡುಗಿಯ ತಂದೆ, "ಬರ್ರಿ ಮಾಸ್ತರ್ರ" ಅಂದರು. ಅಲ್ಲ ಅನ್ನಲು ಬಾಯಿ ತೆರೆದೆ, ಪಕ್ಕದಲ್ಲಿದ್ದ ಕಾಕಾ ತೊಡೆ ಚಿವುಟಿದ. ಹುಡುಗಿ ಮನಸ್ಸಿಗೆ ಬಂದಿದ್ದಳು. ಸುಮ್ಮನಾದೆ.

ಎಂಟು ದಿನಕ್ಕೆ ಆ ಹಿರಿಯರು, ಹುಡುಗಿಯ ತಂದೆ, ನಮ್ಮ ಮನೆ ನೋಡಲು ಬರುವವರಿದ್ದರು.

"ಮಗ್ಗದ ಮ್ಯಾಲೆ ಜಮಖಾನಿ ಹೊಚ್ಚಿದ್ರಾತು," ಅಂದ ಕಾಕಾ.

"ಮಗ್ಗ ಏನ್ ಕುರ್ಚಿ ಏನ ಕಾಕಾ, ಹೊಚ್ಚಿ ಮುಚ್ಚಾಕ?"

ಬಸ್ಸಿನಿಂದ ಇಳಿದವರನ್ನು ಕಾಕಾ, ಹಗಲಲ್ಲಿ ಮಗ್ಗ ಕಣ್ಣಿಗೆ ಬೀಳದಿರಲೆಂದು, ಮನೆಗೆ ತರದೆ ನೇರ ಟೆಂಟ್ ಸಿನಿಮಾಕ್ಕೆ ಕರೆದೊಯ್ದ. ನನ್ನ ದೈವ ನೋಡಿ, ಅಲ್ಲಿಯೂ ಇಂಥದೇ ಕಥೆ. ಹಿರಿಯರು ಕಣ್ಣೀರು ಒರೆಸಿಕೊಂಡು ನಕ್ಕರು. "ಎಂಥಾ ಕಳ್ಳ ಅದಾನ ನೋಡ್ರಿ, ಮಾಸ್ತರ್ರ." ನಾನು ಕೆಳಗಿನ ಮರಳು ನೋಡುತ್ತಿದ್ದೆ. ಕಡೆಗೆ ಸಿನಿಮಾದ ಆ ಕಳ್ಳನಿಗೇನಾಯಿತೋ ನಾನು ಕಾಣಲಿಲ್ಲ.

ಹೊರಗೆ ಬಂದವನೇ ಅಂದುಬಿಟ್ಟೆ: "ಹಿರ್ಯಾರ, ನಾ ಮಾಸ್ತರ ಅಲ್ರಿ. ಮೂರನೇ ಇಯತ್ತೆ ಸೈತ ಮುಗಿಸಿಲ್ಲ. ನೇಕಾರ ಅದೀನ್ರಿ."

ಅವರ ನಗೆ ನಿಂತಿತು. "ಮತ್ತ ಆ ಕೋಟು?"

"ಓಣೀದ್ರಿ."

ಮನೆಯವರೆಗೂ ನನ್ನನ್ನು ಬಿಟ್ಟು ಕಾಕಾನ ಪಕ್ಕ ನಡೆದರು. ಊಟಕ್ಕೆ ಒಂದೇ ರೊಟ್ಟಿ ತಿಂದು ಎದ್ದು ಪಡಸಾಲೆಯಲ್ಲಿ ಮಲಗಿದರು. ಸಂಬಂಧ ಮುರಿಯಿತೆಂದು ಬೆಳಿಗ್ಗೆ ನಾನು ಕಾಕಾ ಹೊಚ್ಚಿದ್ದ ಜಮಖಾನೆ ಕಿತ್ತೊಗೆದು ಕುಣಿಗಿಳಿದೆ. ಲಾಳಿ ಎರಡು ಸಲ ಕೈತಪ್ಪಿತು. ಹಿರಿಯರು ಯಾವಾಗ ಬಂದು ಕುಕ್ಕುರುಗಾಲಲ್ಲಿ ಕುಳಿತರೋ ಕಾಣೆ, ಅಂಚನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು.

"ಹುಡುಗಿ ಧಾರಿ ಸೀರಿ ನೀವ ನೇಯ್ರಿ," ಅಂದರು. "ಕೋಟು ಮಾತ್ರ ಕೇಳಿ ತರಬ್ಯಾಡ್ರಿ."

ಅದಾಗಿ ಇಂಥ ಸಿನಿಮಾ ಎಷ್ಟೋ ಬಂದವು. ಗುಟ್ಟು ಒಡೆಯುವಾಗ ನನ್ನ ತಲೆ ತಾನೇ ಬಾಗುತ್ತಿತ್ತು. ಮೊನ್ನೆ ಭಾನುವಾರ ಮಾತ್ರ ಹೆಂಡತಿ ಮೊಣಕೈಯಿಂದ ತಿವಿದಳು. "ಮ್ಯಾಲೆ ನೋಡ್ರಿ. ಕೋಟು ಬಿಚ್ಚಿದ ಅಂವಾ."

ನೋಡಿದೆ. ಅಡಿಗೆಯವನು ಅಂಗಿಯ ತೋಳು ಮಡಚಿ ಹುಡುಗಿಯ ಎದುರಿಗೇ ಹಿಟ್ಟು ನಾದುತ್ತಿದ್ದ. ಚಲೋ ನಾದುತ್ತಿದ್ದ.