ಸ್ಕ್ರೂ ಮೇಲಿನ ಕೆಂಪು ಗೆರೆ

ನಾನು ಪ್ರತಿ ಶನಿವಾರ ಪಿಸ್ತೂಲು ಹೊಡೆಯಲು ಹೋಗುತ್ತೇನೆ ಎಂದರೆ ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ಕೆಳಗಿನ ಮನೆಯಾಕೆ ನನ್ನ ಕೈಯಲ್ಲಿನ ಕಪ್ಪು ಪೆಟ್ಟಿಗೆ ನೋಡಿ ಅದನ್ನು ಬಿ.ಪಿ. ನೋಡುವ ಮಿಷನ್ ಅಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ. ತಿದ್ದಿದರೆ, ಒಂಟಿ ಹೆಂಗಸಿಗೆ ಪಿಸ್ತೂಲು ಯಾಕೆ ಎಂಬಲ್ಲಿ ಶುರುವಾದ ಮಾತು ಮದುವೆ ಯಾಕೆ ಆಗಲಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ದಾರಿ ನನಗೆ ಚೆನ್ನಾಗಿ ಗೊತ್ತು.

ಅದು ಗಾಳಿ ಪಿಸ್ತೂಲು. ಲೈಸೆನ್ಸ್ ಬೇಡ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಹೊಡೆದ ಹುಚ್ಚು ವಿಮಾ ಆಫೀಸಿನಿಂದ ನಿವೃತ್ತಳಾದ ಮೇಲೆ ಮತ್ತೆ ಕೆರಳಿತು. ಜೆ.ಪಿ. ನಗರದಲ್ಲಿ ಒಂದು ಕಟ್ಟಡದ ಬೇಸ್‌ಮೆಂಟಿನಲ್ಲಿ ರೇಂಜ್ ಇದೆ ಎಂದು ಗೊತ್ತಾಗಿ ಹೋಗಿ ಸೇರಿಕೊಂಡೆ. ಉಳಿದ ದಿನಗಳಲ್ಲಿ ನಾನು ಮಾತಾಡುವುದು ಹಾಲಿನವರ ಹತ್ತಿರ, ಸೊಪ್ಪಿನ ಗಾಡಿಯವರ ಹತ್ತಿರ, ಅಷ್ಟೇ. ಕೆಲವು ದಿನ ಸಂಜೆ ಫೋನ್ ಬಂದು ಹಲೋ ಎಂದಾಗ ಗಂಟಲು ಕಟ್ಟಿರುತ್ತದೆ. ಬೆಳಗಿನಿಂದ ಬಾಯಿ ಬಿಟ್ಟಿಲ್ಲ ಎಂದು ಆಗ ಗೊತ್ತಾಗುತ್ತದೆ.

ಅರವತ್ತು ದಾಟಿದ ಮೇಲೆ ಕಣ್ಣು ಕೈಕೊಟ್ಟಿತು. ನಳಿಕೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಸಣ್ಣ ಗೂಟ ಇರುತ್ತದಲ್ಲ, ಅದೇ ಮಸುಕು ಮಸುಕು. ಬಿಟ್ಟುಬಿಡೋಣ ಅನ್ನಿಸಿದ್ದಾಗ ಪಕ್ಕದ ಲೇನಿನಲ್ಲಿ ಹೊಡೆಯುತ್ತಿದ್ದವರು ಒಂದು ಉಪಾಯ ಹೇಳಿದರು. ಸುಬ್ರಹ್ಮಣ್ಯಪುರದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಅವರು ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾದವರು. ಮಹಾ ಕಿರಿಕಿರಿ ಮನುಷ್ಯ. ಬೇರೆಯವರ ಶೂ ಲೇಸ್ ಬಿಚ್ಚಿದ್ದರೂ ಅವರಿಗೆ ಸಹಿಸುತ್ತಿರಲಿಲ್ಲ.

"ರೆಡ್ ಡಾಟ್ ಹಾಕ್ಸಿ ಮೇಡಂ. ಗಾಜಿನಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತೆ. ನೀವು ಟಾರ್ಗೆಟ್ ನೋಡಿದ್ರೆ ಸಾಕು. ಕಾಂಪಿಟೇಶನ್‌ಗೆ ಬಿಡಲ್ಲ. ಬಿಡದೇ ಇದ್ರೆ ಬಿಡ್ಲಿ, ನಾವೇನು ಮೆಡಲ್ ತರಕ್ಕೆ ಹೋಗ್ಬೇಕಾ?"

ತರಿಸಿದೆ. ಕೂರಿಸುವ ಕೆಲಸ ಅವರೇ ವಹಿಸಿಕೊಂಡರು. ನನ್ನದು ಸ್ಪ್ರಿಂಗ್ ಪಿಸ್ತೂಲು. ಹೊಡೆದಾಗಲೆಲ್ಲ ಹಿಂದಕ್ಕೂ ಮುಂದಕ್ಕೂ ಜಾಡಿಸುತ್ತದೆ, ಮೇಲೆ ಕೂತದ್ದನ್ನು ಅಲುಗಿಸದೆ ಬಿಡುವುದಿಲ್ಲ. ಅದಕ್ಕೇ ಅವರು ಪಿಸ್ತೂಲಿನ ಬೆನ್ನ ಮೇಲಿನ ಕಬ್ಬಿಣದ ಹಳಿಯನ್ನು ಸ್ಪಿರಿಟ್ಟಿನಿಂದ ಒರೆಸಿದರು, ಅದನ್ನು ಕಚ್ಚಿ ರೆಡ್ ಡಾಟನ್ನು ನಿಲ್ಲಿಸುವ ಹಿಡಿಕೆಯ ದವಡೆ ಒರೆಸಿದರು, ಸ್ಕ್ರೂಗಳಿಗೆ ನೀಲಿ ಅಂಟಿನ ಒಂದೊಂದೇ ತೊಟ್ಟು ಬಿಟ್ಟರು. "ಮುಂದಕ್ಕೆ ಒತ್ತಿ ಹಿಡ್ಕೊಳಿ ಮೇಡಂ. ಹಾಂ, ಉಸಿರಾಡ್ಬಹುದು" ಎಂದು ನಗುತ್ತ, ಒಂದು ಸ್ಕ್ರೂ ಸ್ವಲ್ಪ, ಇನ್ನೊಂದು ಸ್ವಲ್ಪ, ಮತ್ತೆ ಮೊದಲಿನದು, ಹೀಗೆ ಬಿಗಿ ಮಾಡಿದರು.

ಕೊನೆಗೆ ನೇಲ್ ಪಾಲಿಶ್ ಕೊಡಿ ಎಂದರು. ನಾನು ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಅವರಿಗೆ ಕೊಳ್ಳಲು ನಾಚಿಕೆ. ಹಿಂದಿನ ವಾರವೇ ಹೇಳಿ ನನ್ನ ಕೈಯಲ್ಲೇ ಕತ್ರಿಗುಪ್ಪೆಯ ಫ್ಯಾನ್ಸಿ ಸ್ಟೋರಿನಿಂದ ತರಿಸಿದ್ದರು. ಅಂಗಡಿಯಾಕೆ "ಆಂಟಿ, ನಿಮ್ ಕಲರ್‌ಗೆ ಇದು ಸಖತ್ತಾಗಿರುತ್ತೆ" ಎಂದು ಕೊಟ್ಟ ಕಡುಗೆಂಪು ಬಾಟಲಿ. ಅದರಲ್ಲಿ ಅವರು ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಕಬ್ಬಿಣದ ಮೇಲಕ್ಕೆ ಒಂದೊಂದು ಸಣ್ಣ ಗೆರೆ ಎಳೆದರು. ಸ್ಕ್ರೂ ತಿರುಗಿದರೆ ಗೆರೆ ಮುರಿಯುತ್ತದೆ, ಅಷ್ಟೇ ಲೆಕ್ಕ.

"ಗೆರೆ ನೆಟ್ಟಗಿದ್ರೆ ಎಲ್ಲಾ ಸರಿ. ನೀವು ಇದನ್ನ ಮುಟ್ಟಬೇಡಿ ಮೇಡಂ."

"ನಾನೇನು ಚಿಕ್ಕ ಮಗುವಾ ಸಾರ್?" ಎಂದು ರೇಗಿದೆ.

"ಚಿಕ್ಕ ಮಕ್ಕಳಾದ್ರೆ ಹೇಳಿದ ಮಾತು ಕೇಳ್ತಾರೆ" ಎಂದರು.

ಶ್ರಾವಣದಲ್ಲಿ ಅವರು ಎರಡು ವಾರ ಬರಲಿಲ್ಲ. ಮೂರನೆಯ ವಾರ ರೇಂಜಿನ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಹಾರ ಹಾಕಿದ್ದು. ಕಾರ್ಯವೆಲ್ಲ ಮುಗಿದಿತ್ತು. ಎಷ್ಟು ದಿನದಿಂದ ಕಾಯಿಲೆಯೋ, ನನಗೆ ಒಂದು ಮಾತು ಹೇಳಿರಲಿಲ್ಲ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಗುಂಪಿನಲ್ಲಿ ಎಲ್ಲರೂ ಕೈ ಮುಗಿದ ಚಿಹ್ನೆ ಹಾಕಿದರು, ನಾನೂ ಹಾಕಿದೆ. ಅವರ ಮನೆಗೆ ಹೋಗಬೇಕೆಂದು ಸೀರೆ ಉಟ್ಟು ಹೊರಟವಳು ಬಸ್ ಸ್ಟಾಪಿನಿಂದಲೇ ವಾಪಸು ಬಂದೆ. ಬಾಗಿಲು ತೆರೆದವರಿಗೆ ನಾನು ಯಾರು ಅಂತ ಹೇಳುವುದು? ಪಕ್ಕದ ಲೇನಿನವಳು ಅಂತಲೇ?

ಆಯುಧಪೂಜೆ ಬಂತು. ನಮ್ಮಮ್ಮ ಅವತ್ತು ಈಳಿಗೆಮಣೆ, ತುರಿಯೋಮಣೆ, ಕತ್ತರಿ ಎಲ್ಲವನ್ನೂ ತೊಳೆದು ಕೊಬ್ಬರಿ ಎಣ್ಣೆ ಸವರಿ, ಮಿರಮಿರ ಮಿಂಚುವಂತೆ ಮಾಡಿ ಕುಂಕುಮ ಇಡುತ್ತಿದ್ದರು. ನಾನೂ ಹಾಗೇ ಮಾಡುತ್ತ ಬಂದವಳು. ಆ ಸಲ ಪಿಸ್ತೂಲಿಗೂ ಎಣ್ಣೆ ಸವರಿದೆ. ಅವರು ಕೂರಿಸಿದ್ದು ಎಂಬ ಅಕ್ಕರೆಗೆ ಒಂದು ಕೈ ಹೆಚ್ಚೇ ಸವರಿದೆ, ಸಂದುಗೊಂದಿಗೆಲ್ಲ ಇಳಿಯುವ ಹಾಗೆ. ಕೆಂಪು ಗೆರೆಗಳ ಪಕ್ಕದಲ್ಲಿ ಒಂದು ಚೂರು ಕುಂಕುಮ ಇಟ್ಟು ಕೈ ಮುಗಿದೆ.

ಅದಾದ ಮೇಲೆ ನನ್ನ ಗುಂಡುಗಳು ದಿಕ್ಕಾಪಾಲಾದವು. ಒಂದು ಶನಿವಾರ ಎಡಕ್ಕೆ, ಇನ್ನೊಂದು ಶನಿವಾರ ಮೇಲಕ್ಕೆ. ಗೆರೆ ನೋಡಿದೆ, ನೆಟ್ಟಗಿತ್ತು. ಗೆರೆ ನೆಟ್ಟಗಿದ್ದರೆ ಎಲ್ಲಾ ಸರಿ. ಹಾಗಾದರೆ ಸರಿ ಇಲ್ಲದ್ದು ನಾನೇ. ಜಯನಗರದ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಕಣ್ಣಿನಲ್ಲಿ ಹೊಸದೇನೂ ಇಲ್ಲ ಎಂದರು. ಹಾಗಾದರೆ ಕೈ ನಡುಗುತ್ತಿದೆ ಎಂದುಕೊಂಡೆ. ಮನೆಯಲ್ಲಿ ನೀರು ತುಂಬಿದ ಲೋಟ ಹಿಡಿದು ನಿಂತು ನೋಡಿದೆ. ನಡುಗುತ್ತಿದೆ ಎಂದುಕೊಂಡು ನೋಡಿದರೆ ಯಾರ ಕೈ ನಡುಗುವುದಿಲ್ಲ?

ರೇಂಜಿನ ಕೋಚ್ ಮೃದುವಾಗಿಯೇ ಹೇಳಿದರು. "ಮೇಡಂ, ಡಾಟ್ ಬಿಚ್ಚಿ ಹೊಸದಾಗಿ ಕೂರಿಸಿಬಿಡೋಣ ಕೊಡಿ. ಐದು ನಿಮಿಷದ ಕೆಲಸ."

"ಮುಟ್ಟಬೇಡಿ!" ಎಂದು ನಾನು ಕೂಗಿದ್ದು ಬೇಸ್‌ಮೆಂಟಿಗೆಲ್ಲ ಕೇಳಿಸಿತು.

ಅವರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಪೆಟ್ಟಿಗೆ ಮುಚ್ಚಿ ಆಟೋ ಹಿಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಅವರದ್ದು ಅಂತ ನನ್ನ ಹತ್ತಿರ ಇರುವುದು ಆ ಗೆರೆಗಳಷ್ಟೇ. ಹಾರ ಹಾಕಿದ ಆ ಫೋಟೋ ಬಿಟ್ಟರೆ ಬೇರೆ ಫೋಟೋ ಇಲ್ಲ, ಒಂದು ಪೆನ್ನೂ ಇಲ್ಲ. ಬಿಚ್ಚಿದರೆ ಅದೂ ಹೋಗುತ್ತದೆ. ಅದಕ್ಕಿಂತ ಗುರಿ ತಪ್ಪುವುದೇ ವಾಸಿ, ಕಣ್ಣು ಹೋಯಿತು ಅಂತ ಹೇಳಿ ಶನಿವಾರ ಬಿಟ್ಟುಬಿಟ್ಟರಾಯಿತು.

ಬಿಟ್ಟೇಬಿಟ್ಟೆ. ಶನಿವಾರಗಳು ಉಳಿದ ದಿನಗಳ ಹಾಗಾದವು. ಅಯ್ಯೋ, ಒಂದು ದಿನ ಇಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಚಳಿಗೆ ಶಾಲು ಹೊದ್ದು ಕೂತಿದ್ದವಳು, ಯಾಕೋ ಪೆಟ್ಟಿಗೆ ತೆರೆದು ನೋಡಿದೆ. ರೆಡ್ ಡಾಟಿನ ಬುಡದಲ್ಲಿ, ಹಿಡಿಕೆ ಕಬ್ಬಿಣವನ್ನು ಕಚ್ಚಿರುವ ಸಂದಿಯುದ್ದಕ್ಕೂ, ಬೆಳ್ಳಗೆ ಏನೋ ಕಟ್ಟಿತ್ತು. ಬೂಷ್ಟು ಹಿಡಿಯಿತೇನೋ ಎಂದು ಉಗುರಿನಿಂದ ಕೆರೆದು ಮೂಸಿದೆ. ಕೊಬ್ಬರಿ ಎಣ್ಣೆ! ಬಚ್ಚಲಿನ ಬಾಟಲಿಯಲ್ಲಿ ತಲೆಗೆ ಹಚ್ಚುವ ಎಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ ಚಳಿಗೆ ಹೆಪ್ಪುಗಟ್ಟಿ ತನ್ನನ್ನು ತಾನೇ ತೋರಿಸಿಕೊಂಡಿತ್ತು.

ಸ್ಕ್ರೂ ಒಂದು ಕೂದಲೆಳೆಯಷ್ಟೂ ತಿರುಗಿರಲಿಲ್ಲ. ಆದರೆ ಅದು ಬಿಗಿದು ಹಿಡಿದದ್ದು ಎಣ್ಣೆಯನ್ನು. ಪ್ರತಿ ಹೊಡೆತಕ್ಕೂ ಇಡೀ ಹಿಡಿಕೆ ಚೂರು ಚೂರೇ ಜಾರಿತ್ತು. ಅವರ ಕೆಲಸವೂ ಸರಿ, ನನ್ನ ಕಣ್ಣೂ ಸರಿ, ಕೆಟ್ಟದ್ದು ನನ್ನ ಪೂಜೆ. ನಕ್ಕುಬಿಟ್ಟೆ. ನಗು ನಿಲ್ಲುವ ಹೊತ್ತಿಗೆ ಅಳುತ್ತಿದ್ದೆ, ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತೆ.

ಈಗ ಬಿಚ್ಚಲೇಬೇಕು. ಇಲ್ಲವೇ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಕು. ಅಟ್ಟ ನೋಡಿದೆ. ಅಲ್ಲಿ ಆಗಲೇ ಸಾಕಷ್ಟು ಸಾಮಾನಿತ್ತು.

ಸ್ಕ್ರೂವಿಗೆ ಅಲೆನ್ ಕೀ ಹಾಕಿ ತಿರುಗಿಸಿದಾಗ ನೀಲಿ ಅಂಟು ಟಕ್ ಎಂದು ಬಿಟ್ಟಿತು. ಗೆರೆ ನನ್ನ ಕಣ್ಣೆದುರೇ ಎರಡಾಯಿತು. ಅವರು ಮಾಡಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮಾಡಿದೆ. ಸ್ಪಿರಿಟ್ಟಿನಿಂದ ಎಣ್ಣೆಯ ಜಿಡ್ಡು ಹೋಗುವ ತನಕ ಒರೆಸಿದೆ. ಗೆರೆಯ ತುಂಡುಗಳಿಗೆ ಮಾತ್ರ ಬಟ್ಟೆ ತಾಗಿಸಲಿಲ್ಲ. ಮುಂದಕ್ಕೆ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಇರಲಿಲ್ಲ. ಪಿಸ್ತೂಲನ್ನು ದಪ್ಪ ಟವೆಲಿನಲ್ಲಿ ಸುತ್ತಿ ಮಂಡಿಗಳ ನಡುವೆ ಇಟ್ಟು, ಎಡಗೈಯಲ್ಲಿ ಒತ್ತಿ, ಬಲಗೈಯಲ್ಲಿ ಬಿಗಿ ಮಾಡಿದೆ. ಉಸಿರಾಡಬಹುದು ಎಂದು ಹೇಳುವವರಿಲ್ಲದೆ ಉಸಿರು ಹಿಡಿದೇ ಇದ್ದೆ.

ಸ್ಕ್ರೂಗಳು ಹಳೆಯ ಜಾಗದಲ್ಲಿ ನಿಲ್ಲಲಿಲ್ಲ. ಸ್ವಲ್ಪ ಮುಂದಕ್ಕೆ ಹೋಗಿ ನಿಂತವು. ಗೆರೆಯ ಅರ್ಧ ತಲೆಯ ಮೇಲೆ, ಅರ್ಧ ಪಕ್ಕದಲ್ಲಿ. ಕೂಡಿಸಬೇಕೆಂದರೆ ಸ್ಕ್ರೂ ಸಡಿಲ ಬಿಡಬೇಕು. ಒಂದು ಕ್ಷಣ ಅದಕ್ಕೂ ಕೈ ಹೋಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೇಲ್ ಪಾಲಿಶ್ ಬಾಟಲಿ ತಂದು, ಪಕ್ಕದಲ್ಲಿ ನನ್ನದೇ ಹೊಸ ಗೆರೆ ಎಳೆದೆ. ಅವರಷ್ಟು ನೆಟ್ಟಗೆ ಬರಲಿಲ್ಲ.

ಆ ಶನಿವಾರ ರೇಂಜಿಗೆ ಹೋದಾಗ ಕೋಚ್ ನನ್ನ ಹಳೆಯ ಲೇನನ್ನೇ ಕೊಟ್ಟರು. ಚುಕ್ಕೆ ಹೊಂದಿಸಿಕೊಂಡ ಮೇಲೆ ಗುಂಡುಗಳು ಒಂದರ ಪಕ್ಕ ಒಂದು ಕೂತವು, ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವ ಹಾಗೆ. "ನೋಡಿ ಸಾರ್!" ಎಂದು ಪಕ್ಕಕ್ಕೆ ತಿರುಗಿದೆ. ಹೊಸಬರು ಯಾರೋ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಗುರಿ ಹಿಡಿದು ನಿಂತಿದ್ದರು. ಅವರಿಗೆ ಕೇಳಿಸಲಿಲ್ಲ.

ಈಗಲೂ ಹೊಡೆಯುವ ಮುಂಚೆ ಗೆರೆ ನೋಡುತ್ತೇನೆ. ನನ್ನದು ನೆಟ್ಟಗಿರುತ್ತದೆ. ಅವರದ್ದು ಎರಡು ತುಂಡಾಗಿಯೇ ಇರುತ್ತದೆ. ಎರಡನ್ನೂ ನೋಡಿ, ಆಮೇಲೆ ಕೈ ಎತ್ತುತ್ತೇನೆ.